ನೀರಿಗೆ ಕಾಯುವ ಪುಡಿ

ಪಟ್ಟಣ ಕೋಡೋಲಿಯ ವಿಠ್ಠಲ-ಬೀರದೇವರ ಜಾತ್ರೆಗೆ ಹೋದವರು ಮೈಯೆಲ್ಲ ಹಳದಿಯಾಗದೆ ಮರಳುವುದಿಲ್ಲ. ದಸರೆ ಮುಗಿದ ಮೇಲೆ ನೆರೆಯುವ ಈ ಜಾತ್ರೆಗೆ ಮಹಾರಾಷ್ಟ್ರದ ಧನಗರರೂ ಕರ್ನಾಟಕದ ಹಾಲುಮತದವರೂ ಡೊಳ್ಳು ಕಟ್ಟಿಕೊಂಡು ಬರುತ್ತಾರೆ, ಮುಷ್ಟಿಮುಷ್ಟಿ ಅರಿಶಿನದ ಭಂಡಾರ ತೂರುತ್ತಾರೆ. ಮಗ್ಗದೂರು ಇಚಲಕರಂಜಿಗೆ ಇದು ಹತ್ತಿರದ ಊರು. ಕೊಲ್ಹಾಪುರದ ಆಚೆ ಜೋತಿಬಾ ಗುಡ್ಡದ ಮೇಲೆ ಚೈತ್ರದ ಹುಣ್ಣಿಮೆಗೆ ಇದೇ ಸಂಭ್ರಮ ಗುಲಾಲಿನದು. ತೂರಿದ ಭಂಡಾರದಲ್ಲಿ ಒಂದು ಪಾಲು ಕೂಡಲೇ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತದೆ. ಇನ್ನೊಂದು ಪಾಲು ಬೀಳುವ ಅವಸರವನ್ನೇ ತೋರುವುದಿಲ್ಲ. ಮೇಳ ಮುಂದೆ ಸರಿದರೂ ಗಾಳಿಯಲ್ಲಿ ಹಳದಿ ನಿಂತೇ ಇರುತ್ತದೆ.

ಒಂದೇ ಮುಷ್ಟಿ, ಒಂದೇ ಅರಿಶಿನ. ಬೇರೆಯಿರುವುದು ಕಣದ ಗಾತ್ರ ಮಾತ್ರ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪದ ಕಣ ಅಲುಗದ ಗಾಳಿಯಲ್ಲಿ ಸೆಕೆಂಡಿಗೆ ಒಂದು ಗೇಣಿನಷ್ಟು ಇಳಿಯುತ್ತದೆ. ಅದಕ್ಕಿಂತ ಹತ್ತು ಪಟ್ಟು ಸಣ್ಣ ಕಣ, ಅಂದರೆ 10 ಮೈಕ್ರಾನಿನದು, ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿದರೆ ದೊಡ್ಡದು. 3 ಮೀಟರ್ ಎತ್ತರಕ್ಕೆ ಹಾರಿದ್ದು ನೆಲ ಮುಟ್ಟಲು 16 ನಿಮಿಷಕ್ಕೂ ಹೆಚ್ಚು ಬೇಕು. ಜಾತ್ರೆಯಲ್ಲಿ ಗಾಳಿ ಅಲುಗದೆ ಇರುವುದೆಲ್ಲಿ? ಜನರ ಉಸಿರೇ ಸಾಕು ಅದನ್ನು ಮತ್ತೆ ಮೇಲೆತ್ತಲು. ಗಾತ್ರ ಹತ್ತು ಪಟ್ಟು ಇಳಿದರೆ ಬೀಳುವ ವೇಗ ಹತ್ತಿರಹತ್ತಿರ ನೂರು ಪಟ್ಟು ಇಳಿಯುತ್ತದೆ. ಅದೇ ವಸ್ತು ಸಣ್ಣದಾಗುತ್ತಾ ಹೋದಂತೆ ಬೇರೆಯೇ ನಿಯಮಕ್ಕೆ ಒಳಗಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಭಂಡಾರದ ಈ ಮಾತು ಔಷಧದ ಪುಡಿಗೂ ಸಲ್ಲುತ್ತದೆ. ಆದರೂ ಔಷಧಗಳ ಸಾಲಿನಲ್ಲಿ ಪುಡಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮಾತ್ರೆಗೆ ಬಣ್ಣವಿದೆ, ಕ್ಯಾಪ್ಸೂಲಿಗೆ ಹೊಳಪಿದೆ, ಇಂಜೆಕ್ಷನ್ನಿಗೆ ಗಾಂಭೀರ್ಯವಿದೆ. ಪುಡಿಗೆ ಇರುವುದು ಒಂದು ಪೊಟ್ಟಣ, ಇಲ್ಲವೆ ಒಂದು ಡಬ್ಬಿ. ಆದರೆ ಮಾತ್ರೆಯೆಂದರೂ ಒತ್ತಿದ ಪುಡಿಯೇ, ಕ್ಯಾಪ್ಸೂಲಿನೊಳಗೆ ತುಂಬಿದ್ದೂ ಪುಡಿಯೇ. ಸಿರಪ್ಪು ಕೂಡ ಎಷ್ಟೋ ಬಾರಿ ಬಾಟಲಿಯ ತಳದಲ್ಲಿ ಪುಡಿಯಾಗಿ ಕೂತು ನಮ್ಮ ಮನೆಯ ನೀರಿಗೆ ಕಾಯುತ್ತಿರುತ್ತದೆ. ಈ ಕಾಯುವಿಕೆಯೇ ನನಗೆ ದೊಡ್ಡ ಬೆರಗು. ಬೇರೆ ಔಷಧಗಳು ಕಾರ್ಖಾನೆಯಿಂದಲೇ ಪೂರ್ತಿಯಾಗಿ ಬರುತ್ತವೆ; ಪುಡಿ ಪೂರ್ತಿಯಾಗುವುದು ಸೇವಿಸುವವರ ಮನೆಯಲ್ಲಿ, ಅಲ್ಲಿಯ ನೀರು, ಹಾಲು, ಜೇನು, ಬೆಲ್ಲ ಸೇರಿದ ಮೇಲೆ.

ಮೊದಲು ಸಣ್ಣದಾಗುವುದರ ಮಾತು. 1 ಸೆಂಟಿಮೀಟರ್ ಉದ್ದಗಲ ಎತ್ತರದ ಒಂದು ಕಲ್ಲುಸಕ್ಕರೆ ತುಂಡು ಇದೆಯೆನ್ನಿ. ಆರು ಮುಖ, 6 ಚದರ ಸೆಂಟಿಮೀಟರ್ ಮೈ. ಅದನ್ನು 1 ಮಿಲಿಮೀಟರಿನ ತುಂಡುಗಳಾಗಿ ಒಡೆದರೆ 1,000 ತುಂಡು, ಒಟ್ಟು ಮೈ 60 ಚದರ ಸೆಂಟಿಮೀಟರ್. ಇನ್ನೂ ಹತ್ತು ಪಟ್ಟು ಸಣ್ಣಗೆ ಮಾಡಿದರೆ 10 ಲಕ್ಷ ಕಣ, 600 ಚದರ ಸೆಂಟಿಮೀಟರ್. ಮತ್ತೊಂದು ಸಲ ಹಾಗೆಯೇ ಮಾಡಿದರೆ, ಭಂಡಾರದ ಆ ಹಾರುವ ಕಣದ ಗಾತ್ರಕ್ಕೆ ಬಂದರೆ, 100 ಕೋಟಿ ಕಣ, 6,000 ಚದರ ಸೆಂಟಿಮೀಟರ್: ಮೂರಡಿ ಉದ್ದ ಎರಡಡಿ ಅಗಲಕ್ಕಿಂತ ತುಸು ಹೆಚ್ಚು. ಸಕ್ಕರೆ ಒಂದು ಗುಲಗಂಜಿಯಷ್ಟೂ ಹೆಚ್ಚಾಗಿಲ್ಲ. ಒಳಗೆ ಅಡಗಿದ್ದ ಮೈ ಹೊರಗೆ ಬಂದಿದೆ, ಅಷ್ಟೆ. ನೀರು ಮುಟ್ಟುವುದು ಈ ಮೈಯನ್ನೇ. ಕರಗುವ ವೇಗವನ್ನು 1897ರಲ್ಲಿ ಅಮೆರಿಕದ ನಾಯ್ಸ್ ಮತ್ತು ವಿಟ್ನಿ ಲೆಕ್ಕದಲ್ಲಿ ಬರೆದು ತೋರಿಸಿದರು; ಹೊರಮೈ ಹೆಚ್ಚಿದಷ್ಟೂ ಆ ವೇಗ ಹೆಚ್ಚು ಎಂಬುದು ಆಮೇಲೆ ಆ ಲೆಕ್ಕಕ್ಕೆ ಸೇರಿತು. ಖಲಬತ್ತದಲ್ಲಿ ಶುಂಠಿ ಕುಟ್ಟುತ್ತಾ "ಇನ್ನೂ ಸಣ್ಣಗಾಗಬೇಕು" ಎನ್ನುತ್ತಿದ್ದ ಅಜ್ಜಿಯಂದಿರು ಲೆಕ್ಕ ಬರೆಯಲಿಲ್ಲ. ಅವರ ತೋಳಿಗೆ ಅದು ಗೊತ್ತಿತ್ತು.

ಆಯುರ್ವೇದದ ರಸಶಾಸ್ತ್ರದವರು ಲೋಹ, ಖನಿಜ ಸುಟ್ಟು ಮಾಡಿದ ಭಸ್ಮಕ್ಕೆ ಇಟ್ಟ ಪರೀಕ್ಷೆಗಳು ಇನ್ನೂ ಸೊಗಸು. ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ ಭಸ್ಮ ಹಿಡಿದು ಉಜ್ಜಿದರೆ ಅದು ಬೆರಳಿನ ಗೆರೆಗಳೊಳಗೆ ಹೋಗಿ ಕೂರಬೇಕು: ರೇಖಾಪೂರ್ಣ. ನಿಂತ ನೀರಿನ ಮೇಲೆ ಉದುರಿಸಿದರೆ ತೇಲಬೇಕು: ವಾರಿತರ. ತೇಲುತ್ತಿರುವ ಆ ಪದರದ ಮೇಲೆ ಒಂದು ಕಾಳು ಧಾನ್ಯ ಇಟ್ಟರೂ ಮುಳುಗಬಾರದು: ಊನಮ. ಮಾಪಕಯಂತ್ರವಿಲ್ಲದ ಕಾಲದಲ್ಲಿ ಕೈಬೆರಳಿನ ಗೆರೆಯನ್ನೇ ಅಳತೆಗೋಲು ಮಾಡಿಕೊಂಡ ಬುದ್ಧಿ ಇದು. ಆದರೆ ನುಣುಪಾದದ್ದೆಲ್ಲ ನಿರಪಾಯವಲ್ಲ. ಪಾದರಸ, ಸೀಸ ಸೇರಿದ ಭಸ್ಮವನ್ನು ಸಂತೆಯಲ್ಲಿ ಕೊಂಡು ನುಂಗುವುದು ಮೂತ್ರಪಿಂಡಕ್ಕೆ ಕೇಡು. ಸಣ್ಣದಾದದ್ದು ಬೇಗ ಒಳಗಿಳಿಯುತ್ತದೆ ಎಂಬ ನಿಯಮ ವಿಷಕ್ಕೂ ಅನ್ವಯಿಸುತ್ತದೆ.

ಇಚಲಕರಂಜಿಯ ಮಾತಿಗೆ ಬರುತ್ತೇನೆ. 1904ರಲ್ಲಿ ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಜಹಗೀರದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆ ಬೆನ್ನಿಗೆ ನಿಂತರು. ಅಂದಿನಿಂದ ಊರಿನ ಸದ್ದೇ ಮಗ್ಗದ ಸದ್ದು. ಔಷಧದ ಪುಡಿಗೂ ಈ ಊರಿಗೂ ಏನು ನಂಟು ಎನ್ನುವವರಿಗೆ ಆಯುರ್ವೇದದ ಚೂರ್ಣದ ಲಕ್ಷಣವನ್ನೇ ತೋರಿಸಬೇಕು: ಚೆನ್ನಾಗಿ ಒಣಗಿದ್ದು, ಚೆನ್ನಾಗಿ ಕುಟ್ಟಿದ್ದು, ಬಟ್ಟೆಯಲ್ಲಿ ಜಾಲಿಸಿದ್ದು. ವಸ್ತ್ರಗಾಲಿತ. ಮಡಕೆಯ ಬಾಯಿಗೆ ತೆಳುವಾದ ಹತ್ತಿಬಟ್ಟೆ ಬಿಗಿದು, ಮೇಲೆ ಪುಡಿ ಹಾಕಿ, ಅಂಗೈಯಿಂದ ಮೆಲ್ಲಗೆ ಸುತ್ತಿಸುತ್ತಾ ಹೋದರೆ ಎಳೆಗಳ ನಡುವಿನ ಕಿಂಡಿಯಲ್ಲಿ ನುಸುಳಿದ್ದು ಮಾತ್ರ ಔಷಧ. ನೇಕಾರ ಅಂಗುಲಕ್ಕೆ ಇಷ್ಟು ಹಾಸು, ಇಷ್ಟು ಹೊಕ್ಕು ಎಂದು ಎಣಿಸುತ್ತಾನೆ, ರೀಡು-ಪಿಕ್ಕು ಎನ್ನುತ್ತಾನೆ. ಭಾರತೀಯ ಫಾರ್ಮಕೋಪಿಯಾದ ಜರಡಿಗೂ ಅದೇ ಎಣಿಕೆ: 25.4 ಮಿಲಿಮೀಟರಿಗೆ, ಅಂದರೆ ಒಂದು ಅಂಗುಲಕ್ಕೆ, ಎಷ್ಟು ಕಿಂಡಿಗಳೋ ಅದೇ ಜರಡಿಯ ನಂಬರು. 85ರ ಜರಡಿಯ ಕಿಂಡಿ 180 ಮೈಕ್ರಾನ್, 120ರದ್ದು 125. ಮಗ್ಗದ ಮುಂದೆ ನಿಂತವನೂ ಔಷಧಾಲಯದ ಮೇಜಿನ ಮುಂದೆ ನಿಂತವನೂ ಒಂದೇ ಅಂಗುಲವನ್ನು ಎಣಿಸುತ್ತಿದ್ದಾರೆ. ಇದು ತಿಳಿದ ಮೇಲೆ ಇಚಲಕರಂಜಿಯ ಅಂಗಡಿಯಲ್ಲಿ ಬಿಳಿ ಮಲ್ಲು ಬಟ್ಟೆಯ ಥಾನು ಬಿಚ್ಚಿ ಬೆಳಕಿಗೆ ಹಿಡಿದಾಗ ನನಗೆ ಎಳೆಗಿಂತ ಮೊದಲು ಕಿಂಡಿಯೇ ಕಾಣುತ್ತದೆ.

ಜರಡಿಯ ಬಗ್ಗೆ ಇನ್ನೊಂದು ನಿಯಮವಿದೆ, ನನಗೆ ಬಹಳ ಪ್ರಿಯವಾದದ್ದು. ಬೇರನ್ನೋ ತೊಗಟೆಯನ್ನೋ ಕುಟ್ಟಿ ಜಾಲಿಸುವಾಗ ಮೇಲೆ ಉಳಿದ ತರಿಯನ್ನು ಎಸೆಯುವಂತಿಲ್ಲ. ಮತ್ತೆ ಕುಟ್ಟಬೇಕು, ಮತ್ತೆ ಜಾಲಿಸಬೇಕು, ಎಲ್ಲವೂ ಇಳಿಯುವ ತನಕ. ಬೇರಿನ ಮೆತ್ತನೆಯ ಭಾಗ ಬೇಗ ಪುಡಿಯಾಗುತ್ತದೆ, ನಾರು ಹಟ ಹಿಡಿಯುತ್ತದೆ. ಹಟ ಹಿಡಿದದ್ದನ್ನು ಬಿಟ್ಟರೆ ಕೆಳಗೆ ಬಿದ್ದದ್ದು ಆ ಬೇರಿನ ಪುಡಿಯಲ್ಲ, ಅದರ ಅರ್ಧದ ಪುಡಿ. ಸುಲಭವಾಗಿ ಒಡೆಯುವುದರಲ್ಲೇ ಗುಣವಿದೆಯೆಂದು ಯಾರೂ ಹೇಳಲಾರರು.

ಇಚಲಕರಂಜಿಯ ಗಾಳಿಯಲ್ಲಿ ಬೇಡದ ಪುಡಿಯೂ ಇದೆ. ಹತ್ತಿ ಗಿರಣಿಗಳ ಧೂಳು ವರ್ಷಗಟ್ಟಲೆ ಉಸಿರಾಡಿದವರಿಗೆ, ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವ ಕಾಯಿಲೆ ಜಗತ್ತಿನ ಎಲ್ಲ ಹತ್ತಿ ಊರುಗಳಿಗೂ ಗೊತ್ತು. ಉಬ್ಬಸಕ್ಕೆ ಕೊಡುವ ಔಷಧವೂ ಹಲವು ಬಾರಿ ಪುಡಿಯೇ, ಉಸಿರಿನಲ್ಲಿ ಎಳೆದುಕೊಳ್ಳುವ ರೋಟಾಕ್ಯಾಪಿನೊಳಗಿನ ಚಿಟಿಕೆ ಪುಡಿ. ಶ್ವಾಸಕೋಶದ ಕಿರುದಾರಿ ತಲುಪಬೇಕಾದರೆ ಕಣ 1ರಿಂದ 5 ಮೈಕ್ರಾನಿನೊಳಗಿರಬೇಕು. ದೊಡ್ಡದಾದರೆ ಗಂಟಲಿಗೇ ಬಡಿಯುತ್ತದೆ, ತೀರಾ ಸಣ್ಣದಾದರೆ ಹೋದ ಉಸಿರಿನೊಂದಿಗೇ ಹೊರಗೆ ಬರುತ್ತದೆ. ಅಷ್ಟು ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅದಕ್ಕೇ ಅವನ್ನು ದೊಡ್ಡ ಲ್ಯಾಕ್ಟೋಸ್ ಹರಳುಗಳ ಬೆನ್ನಿಗೆ ಕೂರಿಸಿ ಕಳಿಸುತ್ತಾರೆ. ಜೋರಾಗಿ ಉಸಿರೆಳೆದಾಗ ಔಷಧ ಹರಳನ್ನು ಬಿಟ್ಟು ಒಳಗೆ ಹೋಗುತ್ತದೆ, ಹರಳು ಗಂಟಲಲ್ಲೇ ಉಳಿಯುತ್ತದೆ. ರೋಟಾಕ್ಯಾಪ್ ಎಳೆದವರ ನಾಲಿಗೆಗೆ ತಾಕುವ ಆ ಸಣ್ಣ ಸಿಹಿ ಹೊತ್ತು ತಂದದ್ದರ ಸಿಹಿ. ಔಷಧ ಆಗಲೇ ಎದೆಯೊಳಗೆ ಇಳಿದಿರುತ್ತದೆ.

ಅಂಟಿ ಮುದ್ದೆಯಾಗುವ ಈ ಸ್ವಭಾವ ನುಣ್ಣಗಿನ ಪುಡಿಗಳೆಲ್ಲಕ್ಕೂ ಇದೆ. ಕಣ ಸಣ್ಣದಾದಂತೆ ಅದರ ತೂಕ ಕ್ಷೀಣಿಸುತ್ತದೆ, ಪಕ್ಕದ ಕಣದ ಸೆಳೆತ ತೂಕವನ್ನು ಮೀರುತ್ತದೆ. ಡಬ್ಬಿ ಬಗ್ಗಿಸಿದರೂ ಸುರಿಯದೆ, ಸುರಿದರೆ ಒಮ್ಮೆಲೇ ಗಡ್ಡೆಯಾಗಿ ಬೀಳುತ್ತದೆ. ಮನುಷ್ಯ ಇದಕ್ಕೆ ಕಂಡುಕೊಂಡ ಉಪಾಯ ಹರಳು, ಅಂದರೆ ಗ್ರ್ಯಾನ್ಯೂಲ್. ಕಷ್ಟಪಟ್ಟು ಸಣ್ಣದು ಮಾಡಿದ್ದನ್ನು ಮತ್ತೆ ಒಟ್ಟುಗೂಡಿಸುವುದು! ಗಂಜಿಯಂಥ ಅಂಟು ಹಾಕಿ ಕಲಸಿ, ಜರಡಿಯಲ್ಲಿ ಒತ್ತಿ, ಒಣಗಿಸಿ, ಇನ್ನೊಮ್ಮೆ ಜಾಲಿಸುತ್ತಾರೆ. ಹದ ನೋಡುವ ಬಗೆ ಉಂಡಿ ಕಟ್ಟುವವರ ಬಗೆಯೇ: ಅಂಗೈಯಲ್ಲಿ ಹಿಡಿದು ಒತ್ತಿದರೆ ಮುಷ್ಟಿಯ ಆಕಾರ ಉಳಿಯಬೇಕು, ಮುರಿದರೆ ಉದುರದೆ ಎರಡು ತುಂಡಾಗಬೇಕು. ಯಂತ್ರಗಳು ಎಷ್ಟು ಬಂದರೂ ಈ ಅಂಗೈ ಪರೀಕ್ಷೆಯನ್ನು ಇಂದಿಗೂ ಕಲಿಸುತ್ತಾರೆ.

ಕೊಲ್ಹಾಪುರದವರಿಗೆ ಹರಳಿನ ಪಾಠ ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಿ ಗುರ್ಹಾಳದ, ಅಂದರೆ ಆಲೆಮನೆಯ, ಕಡಾಯಿಯ ಮುಂದೆ ನಿಂತವನು ಪಾಕದ ಒಂದೆರಡು ಡಿಗ್ರಿ ವ್ಯತ್ಯಾಸವನ್ನು ನೊರೆಯ ಸದ್ದಿನಲ್ಲಿ ಹಿಡಿಯುತ್ತಾನೆ. ಒಂದು ಹದಕ್ಕೆ ಇಳಿಸಿದರೆ ಕಾಕಂಬಿಯಂಥ ಜೋನಿ, ಮುಂದಿನ ಹದಕ್ಕೆ ಅಚ್ಚಿನ ಬೆಲ್ಲ, 120 ಡಿಗ್ರಿಯನ್ನು ತುಸು ದಾಟಿಸಿ ಕೈಬಿಡದೆ ಕೆದಕಿದರೆ ಹರಳು ಹರಳಾದ ಪುಡಿಬೆಲ್ಲ. ಹರಿದ್ರಾಖಂಡದಂಥ ಆಯುರ್ವೇದದ 'ಖಂಡ'ಗಳು ಹೀಗೆಯೇ ಸಕ್ಕರೆಯ ಪಾಕದಲ್ಲಿ ಚೂರ್ಣ ಸೇರಿಸಿ ಹರಳಾಗಿಸಿದವು. ಔಷಧದ ಜತೆಗೆ ಸೇವಿಸುವ ಅನುಪಾನಕ್ಕೂ ಈ ಸೀಮೆಯಲ್ಲಿ ಬೆಲ್ಲವೇ ಹತ್ತಿರ. ಚೂರ್ಣಕ್ಕೆ ಜೇನು ಎಂದು ಗ್ರಂಥ ಹೇಳಬಹುದು. ಆದರೆ ಕೊಲ್ಹಾಪುರ, ಶಿರೋಳ, ಹಾತಕಣಂಗಲೆ ಸುತ್ತಿನ ಸಾವಿರಾರು ಜೈನ ಮನೆಗಳಲ್ಲಿ ಜೇನು ಮುಟ್ಟುವುದಿಲ್ಲ. ಕನ್ನಡದಲ್ಲಿ ವೈದ್ಯ ಬರೆದವರಲ್ಲಿ ಮೊದಲಿಗರ ಸಾಲಿನ ಜಗದ್ದಳ ಸೋಮನಾಥ ಜೈನ. 12ನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗ ಮದ್ಯ, ಮಾಂಸ ಸೋಂಕದ ಚಿಕಿತ್ಸೆಯನ್ನೇ ಹೇಳಿದ. ಔಷಧ ಒಂದೇ ಇದ್ದು, ಅದನ್ನು ನುಂಗಿಸುವ ದಾರಿ ಮನೆಮನೆಗೆ ಬೇರೆಯಾಗಲು ಪುಡಿ ಎಡೆ ಕೊಡುತ್ತದೆ. ಮಾತ್ರೆಗೆ ಈ ಔದಾರ್ಯ ಇಲ್ಲ.

ಈಗ ನನ್ನನ್ನು ಬಹುಕಾಲ ಹಿಡಿದಿಟ್ಟ ಒಂದು ಲೆಕ್ಕ. ಸಿತೋಪಲಾದಿ ಚೂರ್ಣ ಗಡಿಯ ಎರಡೂ ಕಡೆ ಮನೆಮಾತು, ಕೆಮ್ಮಿಗೆ ಕೊಡುವುದು. ಶಾರ್ಙ್ಗಧರ ಸಂಹಿತೆಯ ಪ್ರಮಾಣ ಹೀಗಿದೆ: ಕಲ್ಲುಸಕ್ಕರೆ 16 ಪಾಲು, ಬಿದಿರುಪ್ಪು 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಪ್ರತಿಯೊಂದೂ ಹಿಂದಿನದರ ಅರ್ಧ. ನೋಡಲು ಚೆಂದದ ಅಂಕಿಗಳ ಇಳಿಜಾರು. ಆದರೆ ಬೆರಗು ಇರುವುದು ಇದನ್ನು ತಲೆಕೆಳಗು ಮಾಡಿ ಬೆರೆಸಲು ಕೂತಾಗ. ಕಲ್ವದಲ್ಲಿ ಮೊದಲು 1 ಪಾಲು ದಾಲ್ಚಿನ್ನಿ ಹಾಕಿ, ಅದರ ಮೇಲೆ 2 ಪಾಲು ಏಲಕ್ಕಿ. ಒಟ್ಟು 3. ಈಗ ಹಿಪ್ಪಲಿ 4. ಒಟ್ಟು 7. ಬಿದಿರುಪ್ಪು 8. ಒಟ್ಟು 15. ಕಲ್ಲುಸಕ್ಕರೆ 16. ಏಲಕ್ಕಿಯಿಂದ ಹಿಡಿದು ಪ್ರತಿ ಬಾರಿಯೂ ಹೊಸದಾಗಿ ಬೀಳುವುದು ಕಲ್ವದಲ್ಲಿ ಆಗಲೇ ಇರುವುದಕ್ಕಿಂತ ಒಂದೇ ಪಾಲು ಹೆಚ್ಚು.

ಇಂದಿನ ಫಾರ್ಮಸಿ ತರಗತಿಯಲ್ಲಿ ಮೊದಲಿಗೆ ಕಲಿಸುವ ವಿದ್ಯೆಯೂ ಇದೇ. ಸ್ವಲ್ಪವೇ ಇರುವ ಪ್ರಬಲ ಔಷಧವನ್ನು ಬೆಟ್ಟದಷ್ಟು ಸಕ್ಕರೆಯೊಳಗೆ ಒಮ್ಮೆಲೇ ಹಾಕಿ ತಿರುಗಿಸಿದರೆ ಎಷ್ಟು ತಿರುಗಿಸಿದರೂ ಅದು ಎಲ್ಲೋ ಒಂದು ಮೂಲೆಯಲ್ಲಿ ಗುಂಪಾಗಿ ಉಳಿಯುತ್ತದೆ. ಅದಕ್ಕೇ ಮೊದಲು ಅಷ್ಟೇ ಪ್ರಮಾಣದ ಸಕ್ಕರೆ, ಆಮೇಲೆ ಆ ಮಿಶ್ರಣದಷ್ಟು ಸಕ್ಕರೆ, ಮತ್ತೆ ಅದರಷ್ಟು, ಹೀಗೆ ಸಮಕ್ಕೆ ಸಮ ಕೂಡಿಸುತ್ತಾ ಹೋಗಬೇಕು. ಶಾರ್ಙ್ಗಧರರು ಇದನ್ನೇ ಯೋಚಿಸಿ ಪ್ರಮಾಣ ಇಟ್ಟರೆಂದು ನಾನು ವಾದಿಸುವುದಿಲ್ಲ. ಪ್ರತಿ ದ್ರವ್ಯದ ಪ್ರಮಾಣಕ್ಕೂ ಅದರದೇ ವೈದ್ಯಕಾರಣ ಇರುತ್ತದೆ. ಆದರೂ ಕೆಳಗಿನಿಂದ ಮೇಲಕ್ಕೆ ಬೆರೆಸಿದವರ ಕೈಗೆ ಪ್ರತಿ ಸಲವೂ ಹೆಚ್ಚುಕಡಿಮೆ ಸಮಪಾಲೇ ಸಿಕ್ಕಿರಬೇಕು. ಆ ಐದು ದ್ರವ್ಯಗಳು 31 ಪಾಲಿನಲ್ಲಿ ಎಲ್ಲಿ ಚಿಟಿಕೆ ತೆಗೆದರೂ ಇರುವಷ್ಟು ಚೆನ್ನಾಗಿ ಬೆರೆತಿರಬೇಕು.

ಎಲ್ಲಿ ಚಿಟಿಕೆ ತೆಗೆದರೂ ಎಂಬ ಮಾತಿನ ಮೇಲೆಯೇ ಪುಡಿಯ ಔಷಧವೆಲ್ಲ ನಿಂತಿದೆ. ತಾಯಿ ಮಗುವಿಗೆ ಕೊಡುವುದು ಡಬ್ಬಿಯನ್ನಲ್ಲ, ಚಿಟಿಕೆಯನ್ನು. ಆ ಚಿಟಿಕೆಯಲ್ಲಿ ಡಬ್ಬಿಯ ಎಲ್ಲವೂ ಅದೇ ಪ್ರಮಾಣದಲ್ಲಿ ಬಂದಿದೆಯೆಂದು ಅವಳು ನಂಬುತ್ತಾಳೆ, ಅದನ್ನು ಪರೀಕ್ಷಿಸುವ ದಾರಿ ಅವಳಿಗಿಲ್ಲ. ಹಿಂದಿನ ಕಂಪೌಂಡರುಗಳು ತೂಗಿದ ಪುಡಿಯನ್ನು ಹಾಳೆಯ ಮೇಲೆ ಉದ್ದನೆಯ ದಿಬ್ಬ ಮಾಡಿ, ಚಪ್ಪಟೆ ಅಲಗಿನಿಂದ ಸಮನಾಗಿ ಗೆರೆ ಹಾಕಿ, ಒಂದೊಂದು ಪಾಲನ್ನು ಒಂದೊಂದು ಕಾಗದದಲ್ಲಿ ಮಡಚುತ್ತಿದ್ದರು. ಮಡಿಕೆ ಎಷ್ಟು ಬಿಗಿಯೆಂದರೆ ಬೆರಳ ತುದಿಯಲ್ಲಿ ತಟ್ಟಿದರೂ ಒಂದು ಕಣ ಹೊರಬರುತ್ತಿರಲಿಲ್ಲ. ಇತ್ತ ಬೆರೆತದ್ದು ಬೆರೆತೇ ಇರುತ್ತದೆಯೇ ಎಂದರೆ ಅದೂ ಇಲ್ಲ. ದಪ್ಪ-ಸಣ್ಣ ಕಣಗಳು ಕೂಡಿದ ಪುಡಿಯನ್ನು ಕುಲುಕಿದರೆ ದಪ್ಪವು ಮೇಲೆ ಬರುತ್ತವೆ, ಸಣ್ಣವು ಸಂದಿಗಳಲ್ಲಿ ಜಾರಿ ತಳ ಸೇರುತ್ತವೆ. ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ಎಸ್‌ಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಬಂದ ಡಬ್ಬಿ ಹೊರಟಾಗಿನ ಡಬ್ಬಿಯಲ್ಲ. ಅದಕ್ಕೇ ಎಲ್ಲ ದ್ರವ್ಯಗಳನ್ನೂ ಒಂದೇ ನಂಬರಿನ ಜರಡಿಯಲ್ಲಿ ಜಾಲಿಸಬೇಕೆಂಬ ಕಟ್ಟಳೆ.

ಒಣತನದ ಮಾತು ಚಿಕ್ಕದಾಗಿ ಹೇಳಿ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಚೂರ್ಣದ ವೀರ್ಯ ಎರಡು ತಿಂಗಳಿಗೆ ಕುಂದುತ್ತದೆ ಎಂದು ಶಾರ್ಙ್ಗಧರ ಬರೆದದ್ದು ಮಡಕೆ, ಬಟ್ಟೆಯ ಗಂಟುಗಳ ಕಾಲದಲ್ಲಿ. ಮೈ ಹೆಚ್ಚಿದಷ್ಟೂ ಗಾಳಿಯ ತೇವಕ್ಕೆ ಬಾಗಿಲು ಹೆಚ್ಚು. ಆದರೆ ತೇವ ತಡೆದರೆ ಪುಡಿ ಬಹುಕಾಲ ಬಾಳುತ್ತದೆ. ಮಕ್ಕಳ ಅಮಾಕ್ಸಿಸಿಲಿನ್ ಬಾಟಲಿಯಲ್ಲಿ ಪುಡಿಯಾಗಿ ವರ್ಷಗಟ್ಟಲೆ ಇರುತ್ತದೆ. ನೀರು ಹಾಕಿದ ಮೇಲೆ ಅದರ ಆಯುಸ್ಸು ಒಂದೆರಡು ವಾರ. ಕಬ್ಬಿನ ಗದ್ದೆಯ ಈ ನಾಡಿನಲ್ಲಿ ಹಾವು ಕಡಿದವನಿಗಾಗಿ ಕಾದಿಟ್ಟ ಪ್ರತಿವಿಷವೂ ಪುಡಿಯೇ. ಕುದುರೆಯ ರಕ್ತದ ರಸಿಕೆಯಿಂದ ತೆಗೆದ ಅದನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟು, ಮಂಜು ನೀರಾಗದೆ ನೇರ ಆವಿಯಾಗಿ ಹೋಗುವಂತೆ ಮಾಡುತ್ತಾರೆ. ಸೀಸೆಯ ತಳದಲ್ಲಿ ಉಳಿಯುವುದು ಹಗುರವಾದ ಬಿಳಿಯ ಗಡ್ಡೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಉತ್ತರ ಅದರೊಳಗಿದೆ. 10 ಮಿಲಿಲೀಟರ್ ಶುದ್ಧನೀರು ಸೇರಿಸಿ, ಕುಲುಕದೆ, ನೊರೆ ಬಾರದಂತೆ ಮೆಲ್ಲಗೆ ತಿರುಗಿಸಬೇಕು. ಹೊರಗೆ ಆಸ್ಪತ್ರೆಯ ಗೇಟಿನ ಬಳಿ ಊರವರು ನೆರೆದು ಅವಸರಪಡುತ್ತಿರುವಾಗ ಒಳಗೆ ನರ್ಸಿನ ಬೆರಳು ಅವಸರಪಡುವಂತಿಲ್ಲ.

ಮತ್ತು ಓಆರ್‌ಎಸ್, ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಪುಡಿ. ಪುಡಿ ನೀರಿಗೆ ಕಾಯುತ್ತದೆ ಎಂಬ ಮಾತು ಪೂರ್ಣವಾಗಿ ನಿಜವಾಗುವುದು ಇಲ್ಲಿ.

ಪಾಕೀಟಿನಲ್ಲಿ ಇರುವುದು 20.5 ಗ್ರಾಂ: ಗ್ಲೂಕೋಸ್ 13.5, ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಇಷ್ಟೇ. 1 ಲೀಟರ್ ನೀರಲ್ಲಿ ಕರಗಿದಾಗ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್, ಸಮಸಮ. ಕಾರಣ ಕರುಳಿನ ಗೋಡೆಯಲ್ಲಿದೆ. ಅಲ್ಲಿ ಒಂದು ಬಾಗಿಲಿದೆ, ಉಪ್ಪು ಒಂದೇ ಬಂದರೆ ತೆರೆಯದು, ಗ್ಲೂಕೋಸ್ ಒಂದೇ ಬಂದರೂ ತೆರೆಯದು. ಎರಡೂ ಕೂಡಿ ಬಂದಾಗ ತೆರೆದು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಒಳಗೆ ಹೋಗುತ್ತದೆ. ಈ ಜೋಡಿಸಂಚಾರವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಮುಂದಿಟ್ಟರು. ಕಾಲರಾ ಕರುಳಿನಿಂದ ನೀರು ಸೋರುವಂತೆ ಮಾಡುತ್ತದೆ, ಆದರೆ ಈ ಬಾಗಿಲನ್ನು ಮುರಿಯುವುದಿಲ್ಲ. ಇಷ್ಟು ದೊಡ್ಡ ರೋಗ ಇಷ್ಟು ಸಣ್ಣ ಬಾಗಿಲನ್ನು ಮುಟ್ಟದೆ ಬಿಟ್ಟಿದೆಯಲ್ಲ ಎಂಬುದು ನನಗೆ ಎಷ್ಟು ಸಲ ಓದಿದರೂ ಹಳೆಯದಾಗದ ಸುದ್ದಿ.

1971ರಲ್ಲಿ ಬಂಗಾಳದ ಬನಗಾಂವ್ ಶಿಬಿರದಲ್ಲಿ, ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೋಬಿಸ್ ಬಳಿ ಸಲೈನ್ ಮುಗಿಯುತ್ತಾ ಬಂದಿತ್ತು. ಅಡುಗೆ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್. ಈ ಮೂರನ್ನು ಕೋಲ್ಕತ್ತದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಬಾಯಿ ಮುಚ್ಚಿದರು. ಶಿಬಿರದಲ್ಲಿ ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿ, ನಲ್ಲಿಯಿಂದ ಲೋಟಕ್ಕೆ ಬಿಟ್ಟುಕೊಂಡು ರೋಗಿಯ ಮನೆಯವರೇ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು ಅವರ ಆರೈಕೆಯಲ್ಲಿ 3.6ಕ್ಕೆ ಇಳಿಯಿತು. 2023ರಲ್ಲಿ ಪದ್ಮವಿಭೂಷಣ ಬಂದಾಗ ಅವರು ತೀರಿಕೊಂಡು ಕೆಲವು ತಿಂಗಳಾಗಿದ್ದವು. ಸೂಜಿ ಹಾಕಬೇಕಾದ ಕೆಲಸವನ್ನು ತಾಯಿಯ ಕೈಗೆ ಕೊಟ್ಟದ್ದು ಅವರ ಧೈರ್ಯ. ಪುಡಿಯಾಗಿದ್ದರಿಂದಲೇ ಅದನ್ನು ಕೊಡಲು ಸಾಧ್ಯವಾಯಿತು. ಲೀಟರ್ ಲೀಟರ್ ನೀರನ್ನು ಶಿಬಿರಕ್ಕೆ ಹೊರುವುದು ಬೇಕಿರಲಿಲ್ಲ. ಹೊರಬೇಕಾದದ್ದು ಚಿಕ್ಕ ಚೀಲಗಳನ್ನು.

ಮುಂದೆ ಪಾಕೀಟಿನಿಂದ ಅಡುಗೆ ಸೋಡಾ ಹೊರಹೋಯಿತು. ಸೆಕೆ ಮತ್ತು ತೇವದಲ್ಲಿ ಸೋಡಾ, ಗ್ಲೂಕೋಸ್ ಸೇರಿ ಪುಡಿ ಕಂದಾಗಿ ಗಡ್ಡೆ ಕಟ್ಟುತ್ತಿತ್ತು. 1984ರ ಹೊತ್ತಿಗೆ ಅದರ ಜಾಗಕ್ಕೆ ಸಿಟ್ರೇಟ್ ಬಂತು, ಪಾಕೀಟು ಹಳ್ಳಿಯ ಕಪಾಟಿನಲ್ಲಿ ಮಳೆಗಾಲ ದಾಟುವಷ್ಟು ಗಟ್ಟಿಯಾಯಿತು. ಜೀವ ಉಳಿಸಿದ ಬದಲಾವಣೆಗಳಲ್ಲಿ ಪುಡಿ ಗಡ್ಡೆಕಟ್ಟದಂತೆ ಮಾಡಿದ್ದೂ ಒಂದು ಎಂಬುದನ್ನು ಯಾರು ನೆನೆಯುತ್ತಾರೆ! ಭಾರತದ ಯಾವುದೇ ಬಿ.ಫಾರ್ಮ್ ಕಾಲೇಜಿನಲ್ಲಿ, ಗಡಹಿಂಗ್ಲಜ ತಾಲೂಕಿನ ಮಹಾಗಾವದಲ್ಲೇ ಇರಲಿ, ಮೊದಲ ಸೆಮಿಸ್ಟರಿನ ಪ್ರಯೋಗಪಟ್ಟಿಯಲ್ಲಿ ಪುಡಿ ಮತ್ತು ಹರಳುಗಳೆಂಬ ಶೀರ್ಷಿಕೆಯ ಕೆಳಗೆ ಮೊದಲ ಹೆಸರು ಓಆರ್‌ಎಸ್‌ದೇ. ಹದಿನೆಂಟರ ಹುಡುಗ ಹುಡುಗಿಯರು ತಕ್ಕಡಿಯ ಮುಂದೆ ಉಸಿರು ಹಿಡಿದು 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ತೂಗುವುದನ್ನು ಕಲಿಯುವುದು ಒಳ್ಳೆಯ ಆರಂಭ.

ಪಂಚಗಂಗೆಯ ದಂಡೆಯ ಊರುಗಳಿಗೆ ಈ ಪಾಕೀಟಿನ ಅರ್ಥ ಬೇರೆಯೇ. ನದಿಯ ರಾಜಾರಾಮ ಬಂಧಾರೆಯ ಒಡ್ಡಿನಲ್ಲಿ ನೀರು 43 ಅಡಿ ಎಂದರೆ ಅಪಾಯಮಟ್ಟ. 2005, 2019, 2021ರಲ್ಲಿ ನದಿ ಅದನ್ನು ಬಹಳ ಮೀರಿ ಬಂತು. 2019ರ ಆಗಸ್ಟಿನಲ್ಲಿ ಕೊಲ್ಹಾಪುರಕ್ಕೆ ಕುಡಿಯುವ ನೀರೆತ್ತುವ ಪಂಪುಗಳೇ ಮುಳುಗಿದವು. ಸುತ್ತಲೂ ನೀರು, ನಲ್ಲಿಯಲ್ಲಿ ಇಲ್ಲ. ನೀರಿಳಿದ ಮೇಲೆ ಬಾವಿಬಾವಿಗೆ ಟಿಸಿಎಲ್, ಅಂದರೆ ಬ್ಲೀಚಿಂಗ್ ಪುಡಿ ಬಿದ್ದಿತು, ಮನೆಮನೆಗೆ ಓಆರ್‌ಎಸ್ ಹೋಯಿತು. ಒಂದು ಪುಡಿ ನೀರಿಗೆ, ಇನ್ನೊಂದು ಆ ನೀರಿನೊಂದಿಗೆ ಮೈಗೆ. ಇಚಲಕರಂಜಿಯಲ್ಲಂತೂ 2012ರ ಬೇಸಿಗೆಯಲ್ಲಿ ಕೆಟ್ಟ ನೀರಿನಿಂದ ಕಾಮಾಲೆ ಹಬ್ಬಿ ಜೀವಗಳೇ ಹೋದವು. ದೂಧಗಂಗೆಯಿಂದ ಸುಳಕೂಡದ ಮೂಲಕ ನೀರು ತರುವ ಯೋಜನೆ ಊರಿಗೂ ನದಿದಂಡೆಯ ಹಳ್ಳಿಗಳಿಗೂ ನಡುವೆ ವರ್ಷಗಟ್ಟಲೆ ಜಗಳವಾಗಿ ಉಳಿದಿದೆ. ಪಾಕೀಟಿನ ಮೇಲೆ 1 ಲೀಟರ್ ಶುದ್ಧ ನೀರು ಎಂದು ಅಚ್ಚಾಗಿರುವ ಸಾಲನ್ನು ಆ ಊರಲ್ಲಿ ನಿಂತು ಓದಿದರೆ ಅದು ಸೂಚನೆಯಾಗಿ ಕೇಳುವುದಿಲ್ಲ, ಬೇಡಿಕೆಯಾಗಿ ಕೇಳುತ್ತದೆ. ಔಷಧದ ಒಣ ಪಾಲನ್ನು ಸರಕಾರ ಪುಕ್ಕಟೆ ಕೊಡುತ್ತಿದೆ, ಒಳ್ಳೆಯದು. ಹಸಿ ಪಾಲನ್ನೂ ಕೊಡಬೇಕು.

ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಬಸರ್ಗೆಯಂಥ ಗಡಿಯ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಪಾಕೀಟು ಬಳಸುವ ಬಗೆಯನ್ನು ಎರಡು ಭಾಷೆಯಲ್ಲಿ ಹೇಳಬೇಕಾಗುತ್ತದೆ. ಪಾಕೀಟಿನ ಮೇಲಿನ ಅಕ್ಷರ ಮರಾಠಿ ಅಥವಾ ಹಿಂದಿ, ಕೇಳುವ ಅತ್ತೆ ಕನ್ನಡದವಳು, ಸೊಸೆ ಕೊಲ್ಹಾಪುರದ ಕಡೆಯವಳು. "ಪೂರಾ ಪಾಕೀಟ ಹಾಕ್ರಿ, ಅರ್ಧ ಇಟ್ಟಕೋಬ್ಯಾಡ್ರಿ." ಅರ್ಧ ಇಡಬಾರದೇಕೆ ಎಂದರೆ ಅದೇ ಹಳೆಯ ಕಾರಣ: ನಾಲ್ಕು ಬಗೆಯ ಕಣ ಕುಲುಕಾಟದಲ್ಲಿ ಬೇರೆಬೇರೆಯಾಗಿರುತ್ತವೆ, ಅರ್ಧ ಪಾಕೀಟಿನಲ್ಲಿ ಅರ್ಧ ಉಪ್ಪೇ ಬರುತ್ತದೆಂದು ಹೇಳಲಾಗದು. ಲೀಟರಿನ ಅಳತೆ ಇನ್ನೂ ಕಷ್ಟ. ಒಂದು ಮನೆಯ ತಂಬಿಗೆ ಇನ್ನೊಂದು ಮನೆಯ ತಂಬಿಗೆಯಷ್ಟಿರುವುದಿಲ್ಲ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಿ ಮಗುವಿಗೆ ಅಪಾಯ, ಹೆಚ್ಚಾದರೆ ಔಷಧ ತೆಳುವಾಗಿ ವ್ಯರ್ಥ. ಅಂಗಡಿಯಲ್ಲಿ ಸಿಗುವ ಲೀಟರ್ ಬಾಟಲಿಯೇ ಈಗ ಹಳ್ಳಿಯ ಅಳತೆಪಾತ್ರೆ. ಕುದಿಸಿ ಆರಿಸಿದ ನೀರನ್ನು ಅದಕ್ಕೆ ಕತ್ತಿನವರೆಗೆ ತುಂಬಿ, ಪಾತ್ರೆಗೆ ಸುರಿದು, ಪಾಕೀಟನ್ನು ಮೂಲೆಯಿಂದ ಹರಿದು, ಒಳಗಿನ ಮಡಿಕೆಯಲ್ಲಿ ಸಿಕ್ಕ ಪುಡಿಯನ್ನೂ ತಟ್ಟಿ ಬೀಳಿಸಿ ತೋರಿಸುತ್ತಾರೆ. ಚಮಚದಿಂದ, ಸ್ವಲ್ಪಸ್ವಲ್ಪವೇ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಜತೆಗೆ ಝಿಂಕ್ ಮಾತ್ರೆ 14 ದಿನ. ಕದಡಿದ್ದು 24 ತಾಸಿನ ಮೇಲೆ ಉಳಿದರೆ ಚೆಲ್ಲಬೇಕು ಎಂದಾಗ ಅತ್ತೆಗೆ ಕಸಿವಿಸಿ, ಸಕ್ಕರೆ ಉಪ್ಪು ಚೆಲ್ಲುವುದೇ ಎಂದು. ಆಗ ಆಶಾ ಚೀಲದಿಂದ ಇನ್ನೊಂದು ಪಾಕೀಟು ತೆಗೆದು ಅವಳ ಕೈಗಿಡುತ್ತಾಳೆ.